ಡೈವೋರ್ಸ್‌ಗೆ ಯಾವ ದಾರಿ, ಯಾವ ವಕೀಲರು: ಫೀಸು ಕೊಡುವ ಮೊದಲು ಹೋಲಿಸಿ ನೋಡಬೇಕಾದದ್ದು

"ಒಳ್ಳೇ ಡೈವೋರ್ಸ್ ಲಾಯರ್ ಯಾರಾದ್ರೂ ಗೊತ್ತಾ?" ಈ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ನನ್ನನ್ನು ಒಮ್ಮೆ ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೇಳಿದರು, ಇನ್ನೊಮ್ಮೆ ಆಫೀಸಿನ ಲಿಫ್ಟಿನಲ್ಲಿ. ನಾನು ವಕೀಲಳಲ್ಲ. ತಂಗಿಯ ಕೇಸು ನಡೆದ ಮೂರು ವರ್ಷ ಅವಳ ಜೊತೆ ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲಕ್ಕೆ ಓಡಾಡಿದವಳು, ಅಷ್ಟೇ. ಫ್ಯಾಮಿಲಿ ಕೋರ್ಟು ಅಲ್ಲೇ ಇರುವುದು. ಕೋರ್ಟ್ ಹಾಲಿನ ಹೊರಗಿನ ಬೆಂಚಿನಲ್ಲಿ ಕೂತು ಕಲಿತದ್ದು ಜಾಸ್ತಿ.

ನಾವು ಮಾಡಿದ ಮೊದಲ ತಪ್ಪು ಕೂಡ ಇದೇ ಪ್ರಶ್ನೆ. ವಕೀಲರನ್ನು ಮೊದಲು ಹುಡುಕಿದೆವು, ದಾರಿಯನ್ನು ಆಮೇಲೆ. ಘಾಟಿ ರಸ್ತೆಗೆ ಬೇಕಾದ ಡ್ರೈವರೇ ಬೇರೆ, ಸಿಟಿ ಟ್ರಾಫಿಕ್ಕಿಗೆ ಬೇಕಾದವನೇ ಬೇರೆ ಅಲ್ವಾ? ಹೊಡೆದಾಡಿ ಗೆಲ್ಲುವುದರಲ್ಲಿ ಹೆಸರು ಮಾಡಿದ ವಕೀಲರ ಹತ್ತಿರ ರಾಜಿ ಮಾಡಿಸಿ ಎಂದು ಹೋದರೆ ಅವರಿಗೂ ಬೇಜಾರು, ನಮಗೂ ಖರ್ಚು. ಹಾಗಾಗಿ ಮೊದಲು ದಾರಿಗಳನ್ನು ಹೋಲಿಸೋಣ, ವಕೀಲರನ್ನು ಆಮೇಲೆ.

ಒಪ್ಪಿಗೆಯೋ, ಜಗಳವೋ

1955ರ ಹಿಂದೂ ವಿವಾಹ ಕಾಯ್ದೆ ವೀರಶೈವ, ಲಿಂಗಾಯತ ಎಂದು ಹೆಸರು ಹಿಡಿದೇ ಹೇಳುತ್ತದೆ. ಜೈನರು, ಬೌದ್ಧರು, ಸಿಖ್ಖರೂ ಅದರೊಳಗೆ ಬರುತ್ತಾರೆ. ರಿಜಿಸ್ಟರ್ ಮದುವೆ ಎಂದು 1954ರ ವಿಶೇಷ ವಿವಾಹ ಕಾಯ್ದೆಯಡಿ ಆದವರಿಗೆ ಆ ಕಾಯ್ದೆಯೇ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ ಇದೆ. ಮುಸ್ಲಿಂ ಹೆಣ್ಣುಮಕ್ಕಳಿಗೆ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯ ದಾರಿ ಇದೆ, ಹೆಂಡತಿಯೇ ಮುಂದಾಗಿ ಬಿಡುಗಡೆ ಕೇಳುವ ಖುಲಾ ಇದೆ. ಇಲ್ಲಿ ನಾನು ಬರೆಯುತ್ತಿರುವುದು ನನಗೆ ಹತ್ತಿರದಿಂದ ಗೊತ್ತಿರುವ ಹಿಂದೂ ವಿವಾಹ ಕಾಯ್ದೆಯ ಬಗ್ಗೆ.

ಇಬ್ಬರೂ ಒಪ್ಪಿದರೆ ಸೆಕ್ಷನ್ 13ಬಿ. ಕೋರ್ಟಿನ ಕಾರಿಡಾರಿನಲ್ಲಿ ಇದಕ್ಕೆ 'ಮ್ಯೂಚುವಲ್' ಎಂದೇ ಹೆಸರು. ಕನಿಷ್ಠ ಒಂದು ವರ್ಷ ಬೇರೆಯಾಗಿ ಬದುಕಿರಬೇಕು. ಬೇರೆ ಮನೆಯಲ್ಲೇ ಇರಬೇಕೆಂದಿಲ್ಲ, ಒಂದೇ ಸೂರಿನಡಿ ಗಂಡ ಹೆಂಡತಿಯಾಗಿ ಬಾಳದೆ ಇದ್ದರೂ ಲೆಕ್ಕಕ್ಕೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಅದಾದ ಮೇಲೆ, ಹದಿನೆಂಟು ತಿಂಗಳು ಮೀರುವುದರೊಳಗೆ, ಇಬ್ಬರೂ ಮತ್ತೆ ಬಂದು "ಹೌದು, ಇದೇ ನಮ್ಮ ತೀರ್ಮಾನ" ಎನ್ನಬೇಕು. ಆ ಆರು ತಿಂಗಳನ್ನು ಬಿಟ್ಟುಕೊಡುವ ಅಧಿಕಾರ ಕೋರ್ಟಿಗಿದೆ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅರ್ಜಿಗೆ ಮುಂಚೆಯೇ ಒಂದೂವರೆ ವರ್ಷ ಬೇರೆಯಾಗಿದ್ದು, ಜೀವನಾಂಶ, ಮಗು, ಒಡವೆ ಎಲ್ಲದರ ತಕರಾರು ಮುಗಿದಿದ್ದು, ರಾಜಿ ಮಾಡಿಸುವ ಪ್ರಯತ್ನವೆಲ್ಲ ಸೋತಿದ್ದರೆ ಮಾತ್ರ.

ಒಬ್ಬರು ಒಪ್ಪದಿದ್ದರೆ ಸೆಕ್ಷನ್ 13. ಕ್ರೌರ್ಯ, ಎರಡು ವರ್ಷ ಬಿಟ್ಟುಹೋಗಿರುವುದು, ಬೇರೆ ಸಂಬಂಧ ಹೀಗೆ ಕಾನೂನು ಪಟ್ಟಿ ಮಾಡಿದ ಕಾರಣಗಳಲ್ಲಿ ಒಂದನ್ನಾದರೂ ಸಾಬೀತು ಮಾಡಬೇಕು. "ನಮಗೆ ಹೊಂದಿಕೆ ಆಗುತ್ತಿಲ್ಲ" ಎನ್ನುವುದು ಆ ಪಟ್ಟಿಯಲ್ಲಿಲ್ಲ. ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ ಎಂಬ ಒಂದೇ ಕಾರಣಕ್ಕೆ ಬಿಡುಗಡೆ ಕೊಡುವ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ ಎಂದು 2023ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಸ್ಪಷ್ಟ ಮಾಡಿತು. ನ್ಯಾಯ ದೇಗುಲದಲ್ಲಿ ಅದು ನಡೆಯುವುದಿಲ್ಲ. ಸಮನ್ಸ್, ತಕರಾರು ಅರ್ಜಿ, ಕೌನ್ಸೆಲಿಂಗ್, ಸಾಕ್ಷಿ, ಪಾಟಿ ಸವಾಲು, ವಾದ. ಒಂದೊಂದಕ್ಕೂ ತಾರೀಖಿನ ಮೇಲೆ ತಾರೀಖು. ಎದುರಿನವರಿಗೆ ನೋಟಿಸ್ ತಲುಪಿದ ಮೇಲೆ ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆಯಲ್ಲೇ ಬರೆದಿದೆ. ತಂಗಿಯ ಕೇಸಿನಲ್ಲಿ ಆರು ತಿಂಗಳು ಸಮನ್ಸ್ ತಲುಪುವುದಕ್ಕೇ ಹೋಯಿತು.

ಇವೆರಡರ ನಡುವೆ ಮೀಡಿಯೇಷನ್ ಇದೆ. 2007ರಲ್ಲಿ ಶುರುವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಅದೇ ನ್ಯಾಯ ದೇಗುಲದಲ್ಲಿದೆ. ಜಗಳದ ಕೇಸನ್ನು ಜಡ್ಜ್ ಅಲ್ಲಿಗೆ ಕಳಿಸುತ್ತಾರೆ. ಅಲ್ಲಿ ಒಪ್ಪಂದವಾದರೆ ಅದೇ ಕೇಸು ಮ್ಯೂಚುವಲ್ ಆಗಿ ಬದಲಾಗಬಹುದು. ತಂಗಿಯದು ಆದದ್ದು ಹಾಗೆಯೇ, ಎರಡೂವರೆ ವರ್ಷದ ನಂತರ. ಕ್ರೌರ್ಯ ಎಂದು ನಲವತ್ತು ಪುಟ ಬರೆಸಿ ಹಾಕಿದ ಅರ್ಜಿ ಕೊನೆಗೆ ಏಳು ಪುಟದ ಒಪ್ಪಂದವಾಯಿತು. ಆ ನಲವತ್ತು ಪುಟ ಓದಿ ತಂಗಿಯ ಗಂಡ ಉರಿದುಬಿದ್ದಿದ್ದಕ್ಕೇ ಒಂದು ವರ್ಷ ಮಾತುಕತೆ ನಿಂತಿತ್ತು ಎಂದು ಆಮೇಲೆ ತಿಳಿಯಿತು.

ಹಾಗಾದರೆ ಎಲ್ಲರೂ ಮ್ಯೂಚುವಲ್‌ಗೇ ಹೋಗಬೇಕಾ? ಇಲ್ಲ. ಮನೆಯಲ್ಲಿ ಹೊಡೆತ ಇದ್ದರೆ, ಸಂಬಳ ಎಷ್ಟೆಂದೇ ಹೇಳದವರು ಎದುರಿಗಿದ್ದರೆ, ಮಗುವನ್ನು ಎತ್ತಿಕೊಂಡು ಹೋಗಿ ಫೋನ್ ಆಫ್ ಮಾಡಿದ್ದರೆ, ಮಾತುಕತೆಯ ಮೇಜಿಗೆ ಬರಿಗೈಲಿ ಕೂರುವುದು ದಡ್ಡತನ. ಅಲ್ಲಿ ಮೊದಲು ಕೋರ್ಟಿನ ಒಂದು ಮಧ್ಯಂತರ ಆದೇಶ ಬೇಕು. ಹೊಡೆತವಿರುವ ಕಡೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ಮನೆಯಿಂದ ಹೊರಹಾಕದಂತೆ ಆದೇಶ, ಖರ್ಚಿಗೆ ಹಣ, ಮಗುವಿನ ತಾತ್ಕಾಲಿಕ ಕಸ್ಟಡಿ ಎಲ್ಲವನ್ನೂ ಅಲ್ಲೇ ಕೇಳಬಹುದು. ರಾತ್ರೋರಾತ್ರಿ ಆಸರೆ ಬೇಕಾದರೆ ವಕೀಲರಿಗಿಂತ ಮೊದಲು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲೆಯ ಸಖಿ ಕೇಂದ್ರಕ್ಕೆ ಹೋಗಿ.

ಇನ್ನೊಂದು 'ದಾರಿ'ಯ ಬಗ್ಗೆ ಎಚ್ಚರ. ಊರ ಹಿರಿಯರು ಕೂತು ಬಾಂಡ್ ಪೇಪರಿನಲ್ಲಿ ಬರೆಸಿ ನೋಟರಿ ಮಾಡಿಸುವುದು. ಉತ್ತರ ಕರ್ನಾಟಕದ ಕಡೆ ಸೋಡಚೀಟಿ ಎನ್ನುತ್ತಾರೆ. ನಿಮ್ಮ ಸಮುದಾಯದಲ್ಲಿ ಹಳೆಯ ಕಾಲದಿಂದ ಅಂಥ ಪದ್ಧತಿ ಇದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಲಾಗದಿದ್ದರೆ ಆ ಕಾಗದದಿಂದ ಮದುವೆ ಮುರಿಯುವುದಿಲ್ಲ. ಅದನ್ನು ನಂಬಿ ಎರಡನೇ ಮದುವೆಯಾದರೆ ಹೊಸ ಕೇಸು ಮೈಮೇಲೆ ಬರುತ್ತದೆ.

ವಕೀಲರಲ್ಲಿ ಎಷ್ಟು ಬಗೆ

ನಮ್ಮ ಮೊದಲ ವಕೀಲರು ಊರಿನವರು. ಅಪ್ಪನ ಜಮೀನಿನ ಕೇಸನ್ನು ಚೆನ್ನಾಗಿ ನಡೆಸಿಕೊಟ್ಟವರು, ಮನೆಗೆ ಬಂದರೆ ಕಾಫಿ ಕುಡಿದೇ ಹೋಗುವಷ್ಟು ಸಲಿಗೆ. ಒಳ್ಳೆಯವರೇ. ಆದರೆ ಹೆಂಡತಿ ಎಲ್ಲಿ ವಾಸವಿದ್ದಾಳೋ ಅಲ್ಲಿಯೂ ಅರ್ಜಿ ಹಾಕಬಹುದು ಎಂದು 2003ರಲ್ಲೇ ಕಾಯ್ದೆಗೆ ತಿದ್ದುಪಡಿ ಬಂದಿದೆ. ಅವರು ಅದನ್ನು ಹೇಳದೆ ಮದುವೆಯಾದ ಊರಿನಲ್ಲೇ ಕೇಸು ಹಾಕಿಸಿದರು. ಅದನ್ನು ಬೆಂಗಳೂರಿಗೆ ತರಲು ಹೈಕೋರ್ಟಿನಲ್ಲಿ ಟ್ರಾನ್ಸ್‌ಫರ್ ಅರ್ಜಿ, ಅದಕ್ಕೆ ಬೇರೆ ಖರ್ಚು. ಊರಿನ ವಕೀಲರ ಲಾಭ ಏನೆಂದರೆ ನಂಬಿಕೆ, ಕಡಿಮೆ ಫೀಸು, ಕನ್ನಡದಲ್ಲೇ ಮಾತು. ತೊಂದರೆ ಎರಡು. ಕುಟುಂಬದ ಕೇಸು ಅವರ ದಿನನಿತ್ಯದ ಕೆಲಸವಲ್ಲ. ಮತ್ತೆ, ನೀವು ಹೇಳಿದ್ದು ನಿಮ್ಮ ಚಿಕ್ಕಪ್ಪನ ಕಿವಿಗೂ ಹೋಗುವ ಸಾಧ್ಯತೆ ಇದೆ. ನೀವಿರುವ ತಾಲ್ಲೂಕಿನಲ್ಲಿ ಫ್ಯಾಮಿಲಿ ಕೋರ್ಟ್ ಇಲ್ಲದೆ ಸಿವಿಲ್ ಕೋರ್ಟಿನಲ್ಲೇ ಕೇಸು ನಡೆಯುವುದಾದರೆ, ಅಥವಾ ಮ್ಯೂಚುವಲ್ ಆಗಿದ್ದರೆ, ಇವರೇ ಧಾರಾಳವಾಗಿ ಸಾಕು.

ಎರಡನೆಯವರು ದಿನವೂ ಫ್ಯಾಮಿಲಿ ಕೋರ್ಟಿನಲ್ಲೇ ಇರುವವರು. ಯಾವ ಕೋರ್ಟ್ ಹಾಲಿನಲ್ಲಿ ಮಧ್ಯಂತರ ಅರ್ಜಿ ಬೇಗ ಕೇಳುತ್ತಾರೆ, ಯಾವ ಮೀಡಿಯೇಟರ್ ಮುಂದೆ ಹಣದ ಮಾತು ಮೊದಲು ಎತ್ತಬಾರದು, ಇದೆಲ್ಲ ಅವರಿಗೆ ಅಂಗೈ ನೆಲ್ಲಿ. ಕಸ್ಟಡಿಯ ಜಗಳವಿದ್ದರೆ ನನ್ನ ಓಟು ಇವರಿಗೇ. ಆದರೆ ಒಂದೇ ದಿನ ಹತ್ತು ಕೇಸು ಇಟ್ಟುಕೊಂಡಿರುತ್ತಾರೆ. ನಿಮ್ಮ ಕೇಸು ಕೂಗುವಾಗ ಇನ್ನೊಂದು ಹಾಲಿನಲ್ಲಿ ಇರುತ್ತಾರೆ. "ನಮ್ಮ ತಾರೀಖಿನ ದಿನ ಯಾರು ನಿಲ್ಲುತ್ತಾರೆ, ನೀವೋ ಜೂನಿಯರೋ?" ಎಂದು ಮೊದಲ ಭೇಟಿಯಲ್ಲೇ ಕೇಳಿ. ತಾರೀಖು ತೆಗೆದುಕೊಳ್ಳಲು ಜೂನಿಯರ್ ಬಂದರೆ ತಪ್ಪೇನಿಲ್ಲ. ಪಾಟಿ ಸವಾಲಿನ ದಿನ ಮಾತ್ರ ಅವರೇ ಬರಬೇಕು.

ಮೂರನೆಯದು ದೊಡ್ಡ ಆಫೀಸು. ರಿಸೆಪ್ಷನ್, ಎಸಿ, ಕಾಫಿ ಮಷೀನು, ಇಮೇಲಿಗೆ ಅದೇ ದಿನ ಉತ್ತರ. ವಿದೇಶದಲ್ಲಿ ಆಸ್ತಿ, ಕಂಪನಿ ಷೇರು, ಎರಡು ದೇಶಗಳ ಕೋರ್ಟು ಇದ್ದರೆ ಈ ಖರ್ಚಿಗೆ ಅರ್ಥವಿದೆ. ಇಬ್ಬರೂ ಸಂಬಳದವರು, ಒಂದು ಫ್ಲ್ಯಾಟು, ಒಂದು ಹೋಮ್ ಲೋನು ಎಂದಾದರೆ ಆ ಕಾಫಿ ತುಂಬಾ ದುಬಾರಿ.

ನಾಲ್ಕನೆಯದನ್ನು ಜನ ಸುಮ್ನೆ ಕಡೆಗಣಿಸುತ್ತಾರೆ: ಉಚಿತ ಕಾನೂನು ನೆರವು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೆಯೇ. ಉಳಿದ ಗಂಡಸರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ ಇದೆ. ಪ್ರತಿ ಜಿಲ್ಲಾ ಕೋರ್ಟಿನಲ್ಲೂ ಪ್ರಾಧಿಕಾರದ ಕಚೇರಿ, ತಾಲ್ಲೂಕಿನಲ್ಲಿ ಸಮಿತಿ ಇದೆ. ಸಹಾಯವಾಣಿ 15100. "ಫ್ರೀ ಅಂದ್ರೆ ಹಾಗೇ ಇರುತ್ತೆ" ಎಂದು ನಮ್ಮಮ್ಮ ಮೂಗು ಮುರಿದಿದ್ದರು. ಬೆಂಚಿನ ಮೇಲೆ ನಮ್ಮ ಪಕ್ಕ ಕೂರುತ್ತಿದ್ದ ಹೆಂಗಸೊಬ್ಬರ ಕೇಸನ್ನು ಇಂಥ ವಕೀಲೆಯೊಬ್ಬರು ನಡೆಸುತ್ತಿದ್ದರು. ನಾವು ದುಡ್ಡು ಕೊಟ್ಟ ವಕೀಲರಿಗಿಂತ ಅವರು ಮೊದಲು ಬಂದು ಕೂತಿರುತ್ತಿದ್ದರು. ಎಲ್ಲರೂ ಹಾಗೆಯೇ ಎಂದು ಹೇಳಲಾರೆ. ಹಿಡಿಸದಿದ್ದರೆ ಬೇರೆಯವರನ್ನು ನೇಮಿಸಿ ಎಂದು ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು.

ವಕೀಲರೇ ಬೇಡ ಎಂದರೆ? 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ ಸೆಕ್ಷನ್ 13 ಕೇಳಿದರೆ ಬಹಳ ಜನ ಬೆಚ್ಚಿಬೀಳುತ್ತಾರೆ. ಫ್ಯಾಮಿಲಿ ಕೋರ್ಟಿನಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕೇ ಅಲ್ಲ, ಕೋರ್ಟ್ ಒಪ್ಪಿದರೆ ಮಾತ್ರ ಎನ್ನುತ್ತದೆ ಅದು. ವಕಾಲತ್ತಿನ (ಇವರು ನಮ್ಮ ವಕೀಲರು ಎಂದು ಸಹಿ ಹಾಕಿ ಕೊಡುವ ಪತ್ರ) ಜೊತೆ ಅನುಮತಿ ಕೇಳುವ ಅರ್ಜಿ ಹಾಕುವುದು ಅದಕ್ಕೇ. ಅಂದರೆ ನೀವೇ ನಿಂತು ಮಾತಾಡುವುದಕ್ಕೆ ಅಲ್ಲಿ ಜಾಗವಿದೆ. ಮಗುವಿಲ್ಲದ, ಆಸ್ತಿ ತಕರಾರಿಲ್ಲದ ಮ್ಯೂಚುವಲ್‌ನಲ್ಲಿ ಒಪ್ಪಂದವನ್ನು ಮಾತ್ರ ವಕೀಲರಿಂದ ಬರೆಸಿ, ಉಳಿದದ್ದನ್ನು ಇಬ್ಬರೇ ಮುಗಿಸಿಕೊಂಡ ದಂಪತಿಯನ್ನು ನೋಡಿದ್ದೇನೆ. ಜಗಳದ ಕೇಸಿನಲ್ಲಿ ಈ ಸಾಹಸ ಬೇಡ. ಪಾಟಿ ಸವಾಲು ಮಾಡುವುದು ಅಡುಗೆ ಮನೆಯ ವಾದದ ಹಾಗಲ್ಲ.

ಮ್ಯೂಚುವಲ್‌ಗೆ ಇಬ್ಬರಿಗೂ ಒಬ್ಬರೇ ವಕೀಲರು ಸಾಕಲ್ವಾ ಎಂದು ಕೇಳುತ್ತಾರೆ. ಹಣ ಉಳಿಯುವುದು ನಿಜ. ಆದರೂ ಸಹಿಗೆ ಮುಂಚೆ ಆ ಒಪ್ಪಂದವನ್ನು ಇನ್ನೊಬ್ಬ ವಕೀಲರಿಗೆ ಒಂದು ಗಂಟೆಯ ಫೀಸು ಕೊಟ್ಟು ಓದಿಸಿ. ಮುಖ್ಯವಾಗಿ ಎರಡು ಜಾಗ ನೋಡಿಸಿ. ಒಂದು, ಹಣ ಯಾವಾಗ ಕೈಸೇರುತ್ತದೆ ಎಂಬುದು. ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಆಗುವ ತನಕ ಯಾರು ಬೇಕಾದರೂ ಒಪ್ಪಿಗೆ ಹಿಂದಕ್ಕೆ ಪಡೆಯಬಹುದು. ಹಾಗಾಗಿ ಸ್ವಲ್ಪ ಮೊದಲ ಹಂತದಲ್ಲಿ, ಉಳಿದದ್ದು ಕೊನೆಯ ದಿನ ಕೋರ್ಟಿನಲ್ಲೇ ಡಿಡಿ ಮೂಲಕ ಎಂದು ಬರೆಸುವುದು ರೂಢಿ. ಇನ್ನೊಂದು, ಪೊಲೀಸ್ ಕೇಸಿದ್ದರೆ ಅದರ ಗತಿ. 498ಎ ಕೇಸು (ಹೆಂಡತಿಯ ಮೇಲೆ ಗಂಡ, ಅವನ ಮನೆಯವರು ಎಸಗಿದ ಕ್ರೌರ್ಯದ ಕೇಸು), ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸೆಕ್ಷನ್ 85, "ವಾಪಸ್ ತಗೊಂಡೆ" ಎಂದ ಮಾತ್ರಕ್ಕೆ ಮುಗಿಯುವುದಿಲ್ಲ. ಹೈಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು. ಅದಕ್ಕೆ ಇಬ್ಬರೂ ಸಹಕರಿಸುತ್ತೇವೆ ಎಂಬ ಸಾಲು ಒಪ್ಪಂದದಲ್ಲಿ ಇರಲೇಬೇಕು.

ಫೀಸಿನ ಮಾತು

ಮೂರು ರೀತಿ ಇದೆ: ಇಡೀ ಕೇಸಿಗೆ ಒಂದು ಮೊತ್ತ, ಹಂತಕ್ಕೆ ಇಷ್ಟು, ತಾರೀಖಿಗೆ ಇಷ್ಟು. ಮ್ಯೂಚುವಲ್‌ಗೆ ಒಂದೇ ಮೊತ್ತ ಒಳ್ಳೆಯದು. ಜಗಳದ ಕೇಸಿಗೆ ಹಂತದ ಲೆಕ್ಕ ನನಗೆ ಹಿಡಿಸಿದ್ದು. ಅರ್ಜಿ ಹಾಕಿದಾಗ ಇಷ್ಟು, ಮಧ್ಯಂತರ ಅರ್ಜಿಗೆ ಇಷ್ಟು, ಸಾಕ್ಷಿಗೆ ಇಷ್ಟು ಎಂದಾದರೆ ಕೇಸು ಮಧ್ಯದಲ್ಲಿ ರಾಜಿಯಾದಾಗ ಉಳಿದದ್ದು ನಿಮ್ಮದೇ. ತಾರೀಖಿನ ಲೆಕ್ಕ ಕೇಳಲು ಅಗ್ಗ. ಆದರೆ ತಾರೀಖು ಎಷ್ಟಾಗುತ್ತದೆ ಎಂದು ದೇವರಿಗೂ ಗೊತ್ತಿರುವುದಿಲ್ಲ. ಯಾವುದೇ ಆಗಲಿ, ಟೈಪಿಂಗ್, ಜೆರಾಕ್ಸ್, ಪ್ರೋಸೆಸ್ ಫೀ (ಸಮನ್ಸ್ ಕಳಿಸಲು ಕಟ್ಟುವ ಹಣ) ಇದರಲ್ಲೇ ಸೇರಿದೆಯೇ, ಹೈಕೋರ್ಟಿಗೆ ಹೋದರೆ ಬೇರೆಯೇ ಎಂದು ವಾಟ್ಸ್ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ.

"ನಿಮಗೆ ಬರುವ ಜೀವನಾಂಶದಲ್ಲಿ ಇಷ್ಟು ಪರ್ಸೆಂಟ್ ಕೊಡಿ, ಈಗೇನೂ ಬೇಡ" ಎನ್ನುವವರು ಸಿಕ್ಕರೆ ಕಾಫಿ ಮುಗಿಸಿ ಎದ್ದುಬನ್ನಿ. ಗೆಲುವಿನ ಮೇಲೆ ಫೀಸು, ಬರುವ ಹಣದಲ್ಲಿ ಪಾಲು, ಇವೆರಡನ್ನೂ ಬಾರ್ ಕೌನ್ಸಿಲ್ ನಿಯಮ ನಿಷೇಧಿಸಿದೆ. ಜಾಹೀರಾತು ಕೊಡುವುದೂ ವಕೀಲರಿಗೆ ನಿಷಿದ್ಧ. 'ಟಾಪ್ 10 ಡೈವೋರ್ಸ್ ಲಾಯರ್ಸ್' ಎಂದು ಸ್ಟಾರ್ ಕೊಟ್ಟು ತೋರಿಸುವ ಪಟ್ಟಿಗಳನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಅಂಥ ತಾಣಗಳಲ್ಲಿ ವಕೀಲರ ಪ್ರಚಾರ ಮಾಡುವುದರ ವಿರುದ್ಧ ಮದ್ರಾಸ್ ಹೈಕೋರ್ಟ್ 2024ರಲ್ಲಿ ಗಟ್ಟಿಯಾಗಿಯೇ ಆದೇಶ ಮಾಡಿದೆ. ಅದಕ್ಕಿಂತ ಅರ್ಧ ದಿನ ಫ್ಯಾಮಿಲಿ ಕೋರ್ಟಿನ ಕಾರಿಡಾರಿನಲ್ಲಿ ನಿಲ್ಲಿ. ಕಕ್ಷಿದಾರರ ಜೊತೆ ಯಾರು ಹೇಗೆ ಮಾತಾಡುತ್ತಾರೆ ಎಂದು ಕಣ್ಣಾರೆ ಕಾಣುತ್ತದೆ.

ಮಗುವಿನ ವಿಷಯಕ್ಕೆ ಬಂದಾಗ

ವಕೀಲರನ್ನು ತೂಗಲು ನನ್ನ ಹತ್ತಿರ ಇರುವ ನಿಜವಾದ ತಕ್ಕಡಿ ಇದೊಂದೇ. ಮೊದಲ ಭೇಟಿಯಲ್ಲಿ ಮಗುವಿನ ಮಾತು ಎತ್ತಿ, ಸುಮ್ಮನೆ ಕೇಳಿಸಿಕೊಳ್ಳಿ.

ನಾವು ಕಂಡ ಒಬ್ಬರು, "ಮಗು ನಿಮ್ಮ ಕೈಲಿದೆ ತಾನೇ? ಬಿಡಬೇಡಿ. ಅದೇ ನಿಮ್ಮ ತುರುಪು" ಎಂದರು. ತಂಗಿಯ ಮಗನಿಗೆ ಆಗ ನಾಲ್ಕು ವರ್ಷ. ಇನ್ನೊಬ್ಬರು ಬೇರೆ ಥರ ಕೇಳಿದರು: "ಅವನು ಅಪ್ಪನನ್ನು ಕೊನೆಯ ಸಲ ನೋಡಿದ್ದು ಯಾವಾಗ? ಸ್ಕೂಲಿಗೆ ಯಾರು ಬಿಡ್ತಾರೆ? ಜ್ವರ ಬಂದ್ರೆ ಯಾವ ಡಾಕ್ಟ್ರು?" ಎರಡನೆಯವರನ್ನು ಆರಿಸಿಕೊಂಡೆವು. ಒಳ್ಳೆಯತನಕ್ಕೆ ಮಾರುಹೋಗಿ ಅಲ್ಲ. ಜಡ್ಜ್ ಕೇಳುವುದೂ ಅದನ್ನೇ.

ಕಾನೂನು ಇಷ್ಟು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಎಂದು 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪೋಷಕತ್ವ ಕಾಯ್ದೆ ಹೇಳುತ್ತದೆ. 'ಸಾಮಾನ್ಯವಾಗಿ' ಎಂಬ ಪದ ಅಲ್ಲಿ ಸುಮ್ಮನೆ ಕೂತಿಲ್ಲ. ಎಲ್ಲಕ್ಕಿಂತ ಮೇಲೆ ಮಗುವಿನ ಹಿತ ಎಂದು ಅದೇ ಕಾಯ್ದೆಯ ಸೆಕ್ಷನ್ 13. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳಬಹುದು ಎಂದು 1890ರ ಪೋಷಕರು ಮತ್ತು ಆಶ್ರಿತರ ಕಾಯ್ದೆ ಹೇಳುತ್ತದೆ. ಜಡ್ಜ್ ಮಗುವನ್ನು ಚೇಂಬರಿಗೆ ಕರೆದು ಒಂಟಿಯಾಗಿ ಮಾತಾಡಿಸುತ್ತಾರೆ. ಬಾಯಿಪಾಠ ಮಾಡಿಸಿ ಕಳಿಸಿದ ಮಗು ಎರಡೇ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. "ಅಪ್ಪ ಬ್ಯಾಡ್" ಎಂದು ಹೇಳಿಸಿದರೆ ಸಾಕು ಎನ್ನುವ ವಕೀಲರು ನಿಮ್ಮ ಕೇಸನ್ನೇ ಕೆಡಿಸುತ್ತಿದ್ದಾರೆ.

ಏನೇನು ಕೇಳಬಹುದು? ಒಬ್ಬರಿಗೆ ಕಸ್ಟಡಿ, ಇನ್ನೊಬ್ಬರಿಗೆ ಭೇಟಿಯ ಹಕ್ಕು. ನಾನು ನೋಡಿದ್ದರಲ್ಲಿ ಇದೇ ಹೆಚ್ಚು. ಇಲ್ಲವೇ ಇಬ್ಬರಿಗೂ ಪಾಲು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಕೇಸಿನಲ್ಲಿ ಮಗು ಜನವರಿಯಿಂದ ಜೂನ್ ತಂದೆಯ ಹತ್ತಿರ, ಜುಲೈಯಿಂದ ಡಿಸೆಂಬರ್ ತಾಯಿಯ ಹತ್ತಿರ ಇರಲಿ, ಖರ್ಚು ಇಬ್ಬರೂ ಹಂಚಿಕೊಳ್ಳಲಿ ಎಂದಿತು. ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಈ ತೀರ್ಪನ್ನು ಎತ್ತಿ ಹೇಳಿದೆ, ಜಂಟಿ ಕಸ್ಟಡಿಗೆ ಕಾನೂನು ಬೇಕೆಂದೂ ಶಿಫಾರಸು ಮಾಡಿದೆ. ಇಬ್ಬರ ಮನೆ ಒಂದೇ ಊರಿನಲ್ಲಿ, ಸ್ಕೂಲಿಗೆ ಹತ್ತಿರವಿದ್ದರೆ ಪಾಲಿನ ಯೋಚನೆ ಒಳ್ಳೆಯದೇ. ಒಬ್ಬರು ಜಯನಗರ, ಇನ್ನೊಬ್ಬರು ಶಿವಮೊಗ್ಗ ಎಂದರೆ ಮಗುವಿನ ಬಾಲ್ಯವೆಲ್ಲ ಬಸ್ಸಿನಲ್ಲೇ ಕಳೆಯುತ್ತದೆ.

ಭೇಟಿಯ ಆದೇಶದಲ್ಲಿ ವಕೀಲರ ಕಸುಬು ಗೊತ್ತಾಗುತ್ತದೆ. 'ಅನುಕೂಲವಾದಾಗ ಭೇಟಿ' ಎಂದು ಬರೆಸಿದವರು ಮುಂದಿನ ಜಗಳಕ್ಕೆ ಬೀಜ ಬಿತ್ತಿದ ಹಾಗೆ. ನಮ್ಮ ವಕೀಲರು ಬರೆಸಿದ್ದು ಹೀಗಿತ್ತು: ಒಂದು ಬಿಟ್ಟು ಒಂದು ಶನಿವಾರ ಬೆಳಗ್ಗೆ ಹತ್ತಕ್ಕೆ ಅಜ್ಜಿ ಮನೆಯ ಗೇಟಿನಲ್ಲಿ ಮಗುವನ್ನು ಕರೆದುಕೊಳ್ಳುವುದು, ಭಾನುವಾರ ಸಂಜೆ ಆರಕ್ಕೆ ಅಲ್ಲೇ ಬಿಡುವುದು. ಬುಧವಾರ ರಾತ್ರಿ ಏಳೂವರೆಗೆ ವಿಡಿಯೋ ಕಾಲ್. ದಸರಾ ರಜೆ, ಬೇಸಿಗೆ ರಜೆ ಅರ್ಧ ಅರ್ಧ. ಯುಗಾದಿ ಈ ವರ್ಷ ಅಮ್ಮನ ಜೊತೆ, ಮುಂದಿನ ವರ್ಷ ಅಪ್ಪನ ಜೊತೆ. ಸ್ಕೂಲಿನ ಪೇರೆಂಟ್ಸ್ ಮೀಟಿಂಗಿಗೆ ಇಬ್ಬರೂ ಬರಬಹುದು. ಟಿಸಿ ತೆಗೆಸಬೇಕಾದರೆ, ಪಾಸ್‌ಪೋರ್ಟ್ ಮಾಡಿಸಬೇಕಾದರೆ ಇಬ್ಬರ ಸಹಿ. ಆಗ ಓದಿ, ಇಷ್ಟೆಲ್ಲ ಯಾಕಪ್ಪಾ ಎನಿಸಿತ್ತು. ಮೊದಲ ದಸರಾಕ್ಕೇ ಉತ್ತರ ಸಿಕ್ಕಿತು. ಮಗುವಿನ ಅಪ್ಪ ಫೋನ್ ಮಾಡಿ, "ಅಕ್ಕಾ, ನಮ್ಮ ಅರ್ಧ ಮೊದಲನೆಯದಾ, ಎರಡನೆಯದಾ?" ಎಂದು ಕೇಳಿದರು. ಕಾಗದ ತೆಗೆದು ನೋಡಿ ಹೇಳಿದೆ. ಅಲ್ಲಿಗೆ ಮಾತು ಮುಗಿಯಿತು.

ಕಸ್ಟಡಿ ಆದೇಶ ಕಲ್ಲಿನ ಮೇಲೆ ಬರೆದದ್ದಲ್ಲ. ಮಗು ಬೆಳೆದ ಹಾಗೆ, ಪರಿಸ್ಥಿತಿ ಬದಲಾದ ಹಾಗೆ ಅದನ್ನು ಬದಲಿಸಿಕೊಡಿ ಎಂದು ಕೇಳಬಹುದು. ಸುಪ್ರೀಂ ಕೋರ್ಟ್ 1973ರಲ್ಲೇ ಇದನ್ನು ಹೇಳಿದೆ. ಅದಕ್ಕೇ "ಈಗ ಸೋತರೆ ಮಗು ಕೈತಪ್ಪಿತು" ಎಂದು ಹೆದರಿಸಿ ಇನ್ನೊಂದು ಅರ್ಜಿ, ಮತ್ತೊಂದು ಅರ್ಜಿ ಹಾಕಿಸುವವರ ಮಾತನ್ನು ಅರ್ಧ ಮಾತ್ರ ನಂಬಿ. ಇನ್ನು ಎಲ್ಲಿ ಕೇಸು ಹಾಕುವುದು ಎಂಬ ಪ್ರಶ್ನೆ. ಡೈವೋರ್ಸ್ ಕೇಸು ನಡೆಯುತ್ತಿದ್ದರೆ ಅದರೊಳಗೇ ಮಗುವಿನ ಅರ್ಜಿ ಹಾಕಬಹುದು. ಡೈವೋರ್ಸ್ ಬೇಡ, ಮಗುವಿನ ವಿಷಯ ಮಾತ್ರ ಎಂದರೆ 1890ರ ಪೋಷಕರು ಮತ್ತು ಆಶ್ರಿತರ ಕಾಯ್ದೆಯಡಿ ಬೇರೆ ಕೇಸು. ಅದು ಮಗು ಮಾಮೂಲಾಗಿ ವಾಸವಿರುವ ಊರಿನ ಕೋರ್ಟಿನಲ್ಲೇ ಆಗಬೇಕು.

ಹಣದ ಬಗ್ಗೆ ಒಂದೇ ಮಾತು. ಜೀವನಾಂಶ ಕೇಳಿದರೆ ಇಬ್ಬರೂ ಆದಾಯ, ಆಸ್ತಿ, ಸಾಲ ಎಲ್ಲವನ್ನೂ ಅಫಿಡವಿಟ್‌ನಲ್ಲಿ ಬಿಚ್ಚಿಡಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಕಡ್ಡಾಯ ಮಾಡಿದೆ. ಆದೇಶವಾದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದಲೇ ಕೊಡಬೇಕು ಎಂದೂ ಹೇಳಿದೆ. ಈ ಅಫಿಡವಿಟ್ಟನ್ನು ಜೂನಿಯರ್ ಕೈಗೆ ಬಿಟ್ಟು ಹೋಗುವ ವಕೀಲರು ಬೇಡ. "ಸಂಬಳ ಕಮ್ಮಿ ತೋರಿಸೋಣ" ಎನ್ನುವವರಂತೂ ಬೇಡವೇ ಬೇಡ. ಬ್ಯಾಂಕ್ ಸ್ಟೇಟ್‌ಮೆಂಟ್ ಎದುರಿನವರ ಕೈಗೂ ಸಿಗುತ್ತದೆ.

ವಿದೇಶದಲ್ಲಿರುವ ಕನ್ನಡಿಗರಿಗೆ

ಇಲ್ಲಿ ಹಿಂದೂ ಪದ್ಧತಿಯಲ್ಲಿ ಮದುವೆಯಾಗಿ ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇದ್ದೀರಿ ಎಂದುಕೊಳ್ಳಿ. ಅಲ್ಲಿನ ಡಿಕ್ರಿ ಬೇಗ ಸಿಗುತ್ತದೆ. ಆದರೆ ನಮ್ಮ ಕಾಯ್ದೆ ಒಪ್ಪದ ಕಾರಣದ ಮೇಲೆ, ಅಥವಾ ಇನ್ನೊಬ್ಬರು ಮನಸಾರೆ ಭಾಗವಹಿಸದೆ ಆದ ವಿದೇಶಿ ಡೈವೋರ್ಸಿಗೆ ಇಲ್ಲಿ ಬೆಲೆಯಿಲ್ಲ ಎಂದು 1991ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅಲ್ಲಿ ಒಬ್ಬರು, ಇಲ್ಲಿ ಒಬ್ಬರು ಎಂದು ಇಬ್ಬರು ವಕೀಲರು ಬೇಕಾಗುವುದು ಇದಕ್ಕೇ. ಅವರಿಬ್ಬರು ಪರಸ್ಪರ ಮಾತಾಡುವವರೂ ಆಗಿರಬೇಕು. ಮಗುವಿದ್ದರೆ ಇನ್ನೂ ನಾಜೂಕು. ಮಕ್ಕಳನ್ನು ದೇಶದಿಂದ ದೇಶಕ್ಕೆ ಎತ್ತಿಕೊಂಡು ಹೋಗುವುದರ ಬಗ್ಗೆ ಇರುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. "ರಜೆಗೆ ಅಂತ ಕರ್ಕೊಂಡ್ ಬಂದ್ಬಿಡಿ, ಆಮೇಲೆ ನೋಡ್ಕೊಳ್ಳೋಣ" ಎನ್ನುವ ಸಲಹೆ ಇಲ್ಲಿ ಸುಲಭವಾಗಿ ಸಿಗುತ್ತದೆ. ಅದೇ ಕೆಲಸ ಅಲ್ಲಿ ಕ್ರಿಮಿನಲ್ ಕೇಸಾಗಬಹುದು. ಟಿಕೆಟ್ ಬುಕ್ ಮಾಡುವ ಮೊದಲು ಎರಡೂ ಕಡೆಯ ವಕೀಲರನ್ನು ಕೇಳಿ.

ಮೊದಲ ಭೇಟಿ, ಮತ್ತೆ ಕೈಬಿಡುವ ಹೊತ್ತು

ಇಬ್ಬರು ಮೂವರು ವಕೀಲರನ್ನು ನೋಡಿ, ಪ್ರತಿಯೊಬ್ಬರಿಗೂ ಭೇಟಿಯ ಫೀಸು ಕೊಡಿ. ಬಿಟ್ಟಿ ಸಲಹೆ ಕೇಳಿದರೆ ಬಿಟ್ಟಿ ಉತ್ತರವೇ ಬರುತ್ತದೆ. ಲಗ್ನಪತ್ರಿಕೆ, ಮದುವೆ ಫೋಟೋ, ರಿಜಿಸ್ಟ್ರೇಷನ್ ಆಗಿದ್ದರೆ ಸರ್ಟಿಫಿಕೇಟು, ಮಗುವಿನ ಜನನ ಪ್ರಮಾಣಪತ್ರ, ಸಂಬಳದ ಚೀಟಿ, ಒಡವೆಯ ಪಟ್ಟಿ ತೆಗೆದುಕೊಂಡು ಹೋಗಿ. ವಾಟ್ಸ್ಆ್ಯಪ್ ಚಾಟ್ ಡಿಲೀಟ್ ಮಾಡಬೇಡಿ. ಗಂಡ ಹೆಂಡತಿ ಗುಟ್ಟಾಗಿ ಮಾಡಿಕೊಂಡ ಫೋನ್ ರೆಕಾರ್ಡಿಂಗ್ ಕೂಡ ಡೈವೋರ್ಸ್ ಕೇಸಿನಲ್ಲಿ ಸಾಕ್ಷಿಯಾಗಬಹುದು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಇದು ಎರಡೂ ಕಡೆಗೆ ಕೊಯ್ಯುವ ಕತ್ತಿ. ಸಿಟ್ಟಿನಲ್ಲಿ ನೀವು ಆಡುವ ಮಾತೂ ರೆಕಾರ್ಡ್ ಆಗುತ್ತಿರಬಹುದು.

ಅವರ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. "ನೂರಕ್ಕೆ ನೂರು ಗೆಲ್ತೀವಿ" ಎಂದವರು ಒಂದು ಕಡೆ. "ಇದು ಕಷ್ಟ, ಇದು ಆಗಬಹುದು, ಇದಕ್ಕೆ ಸಾಕ್ಷಿ ಸಾಲದು" ಎಂದವರು ಇನ್ನೊಂದು ಕಡೆ. ಎರಡನೆಯವರ ಆಫೀಸಿನಿಂದ ಮುಖ ಸಪ್ಪೆ ಮಾಡಿಕೊಂಡು ಹೊರಬಂದಿದ್ದೆವು. ಕೊನೆಗೆ ಉಳಿದುಕೊಂಡದ್ದು ಅವರೇ. ಬೆಂಗಳೂರಿನಲ್ಲಿ ಅರ್ಜಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ. ಸಹಿ ಹಾಕುವ ಮೊದಲು ಒಂದೊಂದು ಪ್ಯಾರಾವನ್ನೂ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಅದರಲ್ಲಿರುವುದು ನಿಮ್ಮ ಮಾತು, ನಾಳೆ ಪಾಟಿ ಸವಾಲಿನಲ್ಲಿ ಉತ್ತರ ಕೊಡಬೇಕಾದವರೂ ನೀವೇ. ಖಾಲಿ ಹಾಳೆಗೆ ಸಹಿ ಕೇಳಿದರೆ ಕೊಡಬೇಡಿ, ಎಷ್ಟೇ ಪರಿಚಯದವರಾಗಿರಲಿ. ಕೇಸಿನ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಗುರುತಿನ ಸಂಖ್ಯೆ) ಕೇಳಿ ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ತಾರೀಖು, ಹಿಂದಿನ ದಿನ ಏನಾಯಿತು ಎಲ್ಲ ಕಾಣುತ್ತದೆ. ಊರಿನ ವಕೀಲರು "ಜಡ್ಜ್ ರಜೆ" ಎಂದ ದಿನ ನಮ್ಮ ಕಡೆಯಿಂದ ಯಾರೂ ಬಂದಿರಲಿಲ್ಲ ಎಂದು ನಮಗೆ ತಿಳಿದದ್ದು ಈ ಆ್ಯಪ್‌ನಿಂದಲೇ.

ವಕೀಲರನ್ನು ಬದಲಿಸುವುದು ನಿಮ್ಮ ಹಕ್ಕು. ಮುಜುಗರ ಆಗುತ್ತದೆ, ಅದರಲ್ಲೂ ಊರಿನವರಾದರೆ. ಹಳಬರಿಂದ ನೋ ಅಬ್ಜೆಕ್ಷನ್ ಬರೆಸಿಕೊಂಡು ಹೊಸಬರು ವಕಾಲತ್ತು ಹಾಕುವುದು ಪದ್ಧತಿ. ಫೀಸು ಬಾಕಿ ಇದೆ ಎಂದು ಕೇಸಿನ ಕಾಗದಗಳನ್ನು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾವು ಮಾತ್ರ ಆ ತೀರ್ಪಿನ ಹೆಸರೆತ್ತಲಿಲ್ಲ. ಅಪ್ಪ ಹಣ್ಣು, ಬಾಕಿ ಹಣ ತೆಗೆದುಕೊಂಡು ಹೋಗಿ, "ಬೆಂಗಳೂರಿಗೆ ಓಡಾಡೋದು ನಿಮಗೂ ಕಷ್ಟ" ಎಂದರು. ಫೈಲು ಕೈಗೆ ಬಂತು. ಅವರ ಮನೆ ಗೃಹಪ್ರವೇಶಕ್ಕೂ ನಮ್ಮನ್ನು ಕರೆದರು.

ಡಿಕ್ರಿ ಆದ ದಿನವೇ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ, ಎರಡು ತೆಗೆಸಿ. ಜಗಳದ ಕೇಸಾದರೆ ಅಪೀಲಿನ ಅವಧಿ ಮುಗಿಯುವ ತನಕ ಮರುಮದುವೆಯ ಮಾತು ಬೇಡ. ಆ ಅವಧಿ ಯಾವ ತಾರೀಖಿಗೆ ಮುಗಿಯುತ್ತದೆ ಎಂದು ವಕೀಲರಿಂದ ಬರೆಸಿಕೊಳ್ಳಿ. ಫ್ಯಾಮಿಲಿ ಕೋರ್ಟಿನಲ್ಲಿ ಇಬ್ಬರೂ ಒಪ್ಪಿ ಆದ ಡಿಕ್ರಿಗೆ ಅಪೀಲಿಲ್ಲ. ತಂಗಿಯ ಒಂದು ಕಾಪಿ ಅಮ್ಮನ ಬೀರುವಿನಲ್ಲಿದೆ, ಇನ್ನೊಂದು ಅವಳ ಬ್ಯಾಗಿನಲ್ಲಿ. ಬೀರುವಿನದನ್ನು ಇದುವರೆಗೆ ಎರಡೇ ಸಲ ತೆಗೆದಿದ್ದೇವೆ. ಹುಡುಗನನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ಒಮ್ಮೆ, ದಸರಾ ರಜೆ ಹಂಚುವಾಗ ಒಮ್ಮೆ.